ಗುಳೆ ಹೋದವರ ಫೋನು, ಊರಲ್ಲಿ ಉಳಿದವರ ಫೋನು

ಮೊಬೈಲ್ ಬಂದು ಸಂಬಂಧಗಳೆಲ್ಲ ಹಾಳಾದವು ಎಂದು ಯಾರಾದರೂ ವೇದಿಕೆ ಮೇಲೆ ಹೇಳಿದಾಗ ನನಗೆ ಒಪ್ಪಿಕೊಳ್ಳೋಕೆ ಆಗುವುದಿಲ್ಲ. ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಡೆಯ ಹಳ್ಳಿಯವಳು. ನಮ್ಮ ಮನೆಗಳು ಎರಡು ಪಾಲಾಗಿದ್ದು ಮೊಬೈಲ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಗುಳೆಯಿಂದ, ಅಂದರೆ ಕೂಲಿ ಹುಡುಕಿ ಊರು ಬಿಟ್ಟು ಹೋಗುವುದರಿಂದ.

ರಾಯಚೂರು ಅಂದರೆ ಕೃಷ್ಣಾ, ತುಂಗಭದ್ರಾ ನಡುವಿನ ಜಿಲ್ಲೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಎರಡು ನದಿ ಇದ್ದೂ ಗುಳೆ ಯಾಕೆ ಎಂದು ಕೇಳುವವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಸಿಂಧನೂರು ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಮಳೆಯನ್ನೇ ನಂಬಿದ ಹೊಲಗಳು ಶುರುವಾಗುತ್ತವೆ. ಲಿಂಗಸುಗೂರು, ದೇವದುರ್ಗ, ಅತ್ತ ಕೊಪ್ಪಳದ ಕುಷ್ಟಗಿ, ಯಲಬುರ್ಗಾ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಜನ ಬೆಂಗಳೂರು, ಪುಣೆ, ಗೋವಾ, ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಹೋಗುವವರು ಗಂಡ ಹೆಂಡತಿ. ಉಳಿಯುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮಕ್ಕಳು, ಎಮ್ಮೆ.

ನಾನು ಸಣ್ಣವಳಿದ್ದಾಗ ಗುಳೆ ಹೋದವರ ಸುದ್ದಿ ಬರುತ್ತಿದ್ದದ್ದು ಕಿರಾಣಿ ಅಂಗಡಿಯ ಫೋನಿಗೆ. ಅಂಗಡಿಯವರು ಒಬ್ಬ ಹುಡುಗನನ್ನು ಓಡಿಸುತ್ತಿದ್ದರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಬರುವಷ್ಟರಲ್ಲಿ ಆ ಕಡೆಯಿಂದ ಮತ್ತೆ ಕರೆ ಬರಬೇಕು. ಮಾತಾಡುವಾಗ ಸುತ್ತ ಗಿರಾಕಿಗಳು. ಅಳು ಬಂದರೂ ಅಲ್ಲಿ ಅಳುವ ಹಾಗಿಲ್ಲ. "ಎಲ್ಲಾ ಅರಾಮ ಅದೀವಿ" ಎಂದು ಹೇಳಿ ಫೋನ್ ಇಡುತ್ತಿದ್ದರು. ಹೊಟ್ಟೆಯೊಳಗಿನ ಮಾತು ಹಬ್ಬಕ್ಕೆ ಬಂದಾಗಲೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಓಣಿಯ ಅಜ್ಜಿಯರು ವಿಡಿಯೊ ಕಾಲ್ ಮಾಡೋದು ಕಲಿತರು. ಓದು ಬರಹ ಬಾರದವರು ಮಗನ ಫೋಟೊ ನೋಡಿ ಒತ್ತುತ್ತಾರೆ, ಅಷ್ಟೆ. ಆಮೇಲೆ ವಾಯ್ಸ್ ಮೆಸೇಜ್. ಅಕ್ಷರ ಬರೆಯೋಕೆ ಬಾರದವರಿಗೆ ಇದರಷ್ಟು ದೊಡ್ಡ ಅನುಕೂಲ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಪತ್ರ ಬರೆಸಲು ಇನ್ನೊಬ್ಬರ ಮನೆಗೆ ಹೋಗಬೇಕಾಗಿದ್ದ ಹೆಂಗಸು ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮಗನಿಗೆ ಬಯ್ಯಬಲ್ಲಳು. ಕರು ಹಾಕಿದ ಎಮ್ಮೆ ತೋರಿಸಬಲ್ಲಳು. ಸೊಸೆ ಸೊರಗಿದ್ದಾಳೆ ಎಂದು ಮುಖ ನೋಡಿಯೇ ಹೇಳಬಲ್ಲಳು.

ಮಕ್ಕಳ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಅವ್ವನ ಮುಖವನ್ನು ದಿನಾ ನೋಡುವ ಮಗು, ಅವ್ವ ಯುಗಾದಿಗೆ ಬಂದು ಎತ್ತಿಕೊಂಡಾಗ ಬಿಗಿಯಾಗುವುದನ್ನು ನಾನು ನೋಡಿದ್ದೇನೆ. ಮುಖದ ಪರಿಚಯ ಇದೆ, ಮೈಯ ಪರಿಚಯ ಇಲ್ಲ. ಎರಡು ದಿನ ಬೇಕು, ಆಮೇಲೆ ಬಿಡುವುದೇ ಇಲ್ಲ. ಅಷ್ಟರಲ್ಲಿ ಅವರು ಮತ್ತೆ ಹೊರಡುವ ದಿನ ಬಂದಿರುತ್ತದೆ. ವಿಡಿಯೊ ಕಾಲ್ ಇಲ್ಲದಿದ್ದರೆ ಆ ಎರಡು ದಿನ ಇನ್ನೂ ಜಾಸ್ತಿ ಆಗುತ್ತಿತ್ತು, ನಿಜ. ಆದರೆ ಅದರಿಂದ ಎಲ್ಲವೂ ತುಂಬಿಕೊಂಡಿತು ಎಂದು ಯಾರೂ ಹೇಳಬಾರದು.

ಗುಳೆಯವರಿಗೆ ಫೋನ್ ಇನ್ನೊಂದು ಕೆಲಸ ಮಾಡಿಕೊಟ್ಟಿದೆ. ಮೊದಲು ಕೂಲಿ ಎಷ್ಟು ಅನ್ನುವುದು ಮೇಸ್ತ್ರಿ ಹೇಳಿದಷ್ಟೇ. ಮುಂಗಡ ಕೊಟ್ಟವನ ಮಾತೇ ಮಾತು. ಈಗ ಪುಣೆಯಲ್ಲಿ ಇರುವವರು ಊರಿನ ಗುಂಪಿನಲ್ಲಿ ಅಲ್ಲಿನ ಕೂಲಿ ಹೇಳುತ್ತಾರೆ, ಯಾವ ಸೈಟಿನಲ್ಲಿ ದುಡ್ಡು ಸರಿಯಾಗಿ ಕೊಡುತ್ತಿಲ್ಲ ಎಂದೂ ಹೇಳುತ್ತಾರೆ. ಹೀಗೆ ಹೇಳುವವರು ಹೆಚ್ಚಾಗಿ ಹತ್ತಿರದ ನೆಂಟರಲ್ಲ. ಎರಡು ಓಣಿ ಆಚೆಯವರು, ಶಾಲೆಯಲ್ಲಿ ಒಂದೆರಡು ವರ್ಷ ಜೊತೆಗಿದ್ದವರು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನೇ ಬರೆದಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕ ಜನರನ್ನು ಅವರು ವಿಚಾರಿಸಿ ನೋಡಿದಾಗ, ಸುದ್ದಿ ಕೊಟ್ಟವರು ಹೆಚ್ಚಿನ ಪಾಲು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಪರಿಚಿತರಾಗಿದ್ದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಸ್ವಲ್ಪ ದೂರದವರಿಂದ. ಅಂಥ ದೂರದವರನ್ನು ಕೈಗೆ ಸಿಗುವಂತೆ ಇಟ್ಟಿದ್ದು ಈ ಗುಂಪುಗಳು.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅದೇ ಫೋನಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಾವು ಎರಡಕ್ಕೂ ಸೋಶಿಯಲ್ ಮೀಡಿಯಾ ಅನ್ನುತ್ತೇವೆ, ಅದೇ ಗೊಂದಲ. ಒಂದರಲ್ಲಿ ಆ ಕಡೆ ಇರುವವರಿಗೆ ನಮ್ಮನ್ನು ಏನಾದರೂ ಕೇಳುವ ಹಕ್ಕಿದೆ. ಅವ್ವ ಕೇಳುತ್ತಾಳೆ: ಯಾವಾಗ ಬರ್ತಿ? ಗೆಳೆಯ ಕೇಳುತ್ತಾನೆ: ಐನೂರು ರೂಪಾಯಿ ಹಾಕ್ತೀಯಾ? ಊರಿನ ಗುಂಪು ಕೇಳುತ್ತದೆ: ಗುಡಿಯ ಚಾವಣಿಗೆ ನಿಮ್ಮದೆಷ್ಟು? ಕಿರಿಕಿರಿ ಆಗುತ್ತದೆ. ಕೆಲವೊಮ್ಮೆ ನೋಡಿಯೂ ನೋಡದಂತೆ ಇರುತ್ತೇವೆ. ಆದರೂ ಅದು ಸಂಬಂಧ. ಇನ್ನೊಂದರಲ್ಲಿ ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಬೆರಳು ಮೇಲೆ ತಳ್ಳುತ್ತಾ ಹೋದರೆ ಸಾಕು, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ.

ಈ ಎರಡನೆಯದು ತಾನಾಗಿ ಹುಟ್ಟಿದ್ದಲ್ಲ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಿತು. ಅದಕ್ಕೂ ಮೊದಲು ಗೆಳೆಯರ ಪುಟಕ್ಕೆ ನಾವೇ ಹೋಗಿ ನೋಡಬೇಕಿತ್ತು, ಅಂದರೆ ಹೋಗಬೇಕು ಅನ್ನಿಸಬೇಕಿತ್ತು. ಫೀಡ್ ಬಂದ ಮೇಲೆ ಹೋಗೋದು ನಿಂತಿತು, ಎಲ್ಲವೂ ನಮ್ಮ ಮುಂದೆ ಬರಲು ಶುರುವಾಯಿತು. 2009ರಲ್ಲಿ ಲೈಕ್ ಬಟನ್ ಬಂತು. ಆಮೇಲೆ ಏನು ತೋರಿಸಬೇಕು, ಯಾರನ್ನು ಮುಚ್ಚಿಡಬೇಕು ಅನ್ನುವುದನ್ನು ಲೆಕ್ಕ ಹಾಕಿ ಹೇಳುವುದು ಯಂತ್ರದ ಕೆಲಸವಾಯಿತು. ನಾವು ಎಷ್ಟು ಹೊತ್ತು ಕೂರುತ್ತೇವೋ ಅಷ್ಟು ಜಾಹೀರಾತು, ಅಷ್ಟು ದುಡ್ಡು. ಇದರಲ್ಲಿ ಗುಟ್ಟು ಏನೂ ಇಲ್ಲ. ಆದರೆ ಹಟ್ಟಿಯ ಬಸ್ ನಿಲ್ದಾಣದಲ್ಲಿ ಕೂತು ಮುಂದಿನ ವಿಡಿಯೊಗೆ ಬೆರಳು ಆಡಿಸುವ ಹುಡುಗನಿಗೆ ಯಾರೂ ಇದನ್ನು ಕೂರಿಸಿ ಹೇಳಿಲ್ಲ.

ಹಿಂದೆ ಊರಬಾಗಿಲಿನ ಅಗಸಿ ಕಟ್ಟೆ ಮೇಲೆ ಎಲ್ಲರೂ ಕೂತು ಮಾತಾಡುತ್ತಿದ್ದರು, ಈಗ ಒಬ್ಬೊಬ್ಬರೂ ಫೋನ್ ನೋಡುತ್ತಾರೆ ಎಂಬ ಮಾತು ಬಹಳ ಕೇಳುತ್ತೇನೆ. "ಎಲ್ಲರೂ" ಅಂದರೆ ಯಾರು? ನಮ್ಮ ಊರಿನ ಕಟ್ಟೆ ಮೇಲೆ ಹೆಂಗಸರು ಕೂತಿದ್ದನ್ನು ನಾನು ನೋಡಿಲ್ಲ. ಕೆಳಗಿನ ಕೇರಿಯವರು ನಿಂತೇ ಮಾತಾಡಿ ಹೋಗುತ್ತಿದ್ದರು. ಇದು ಹಳೇ ಕಾಲದ ಕಥೆಯೂ ಅಲ್ಲ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿ, ಹೋಟೆಲಿನ ಒಳಗೆ ಬಿಡದಿರುವ ಜಗಳ ಅದರ ಹಿಂದೆ ಇತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇಂಥ ಸೀಮೆಯಲ್ಲಿ ಕಟ್ಟೆಯನ್ನು ಸುಮ್ನೆ ಹೊಗಳುವುದು ನನ್ನಿಂದ ಆಗದು.

ನಮ್ಮ ಓಣಿಯ ಹೆಂಗಸರಿಗೆ ಮೊದಲ ಕಟ್ಟೆ ಸಿಕ್ಕಿದ್ದು ಫೋನಿನಲ್ಲಿ. ಸ್ವಸಹಾಯ ಸಂಘದ ಗುಂಪು ಶುರುವಾಗಿದ್ದು ಸಾಲದ ಕಂತು ನೆನಪಿಸಲು. ಈಗ ಅಲ್ಲಿ ಆಸ್ಪತ್ರೆಗೆ ಡಾಕ್ಟರ್ ಬಂದಿದ್ದಾರಾ ಎಂದು ಕೇಳುತ್ತಾರೆ. ಮಗಳಿಗೆ ಹಾಸ್ಟೆಲ್ ಸೀಟಿನ ಅರ್ಜಿ ಯಾವಾಗ ಎಂದು ಕೇಳುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳು ಬರೆದಿದ್ದಳು, "ಯಾರಾದ್ರೂ ಎಚ್ಚರ ಅದೀರೇನು?" ಎಂದು. ಮೂರು ಜನ ಎಚ್ಚರ ಇದ್ದರು. ಅವಳ ಮನೆಯಲ್ಲಿ ಆ ರಾತ್ರಿ ಏನಾಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಆ ಮೂವರೂ ಅವಳ ಮನೆಗೆ ಹೋದರು ಎಂಬುದನ್ನು ಮಾತ್ರ ಹೇಳುತ್ತೇನೆ.

ಭಾಷೆ ವಿಷಯದಲ್ಲೂ ನನಗೆ ಸಂತೋಷ ಇದೆ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ, ಟಿವಿಯಲ್ಲಿ ಬಂದರೆ ಅದು ನಗಿಸುವ ಪಾತ್ರಕ್ಕೆ ಅಂತ ಬಹಳ ಕಾಲ ನಡೆಯಿತು. ಈಗ ರಾಯಚೂರಿನ ಹುಡುಗಿ ತನ್ನ ಮಾತಿನಲ್ಲೇ ಅಡುಗೆ ಹೇಳಿಕೊಡುತ್ತಾಳೆ. ಬಳ್ಳಾರಿಯ ಹುಡುಗರು ಕನ್ನಡ, ತೆಲುಗು, ಉರ್ದು ಕಲಸಿ ಆಡುವ ಮಾತನ್ನು ಹಾಗೇ ಹಾಕುತ್ತಾರೆ. ಅದು ತಪ್ಪು ಕನ್ನಡ ಎಂದು ತಿದ್ದುವ ಮೇಷ್ಟ್ರು ಅಲ್ಲಿ ಇಲ್ಲ. ನಮ್ಮ ಕಲೆಗಳಿಗೂ ಹೊಸ ನೋಡುಗರು ಸಿಕ್ಕಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ತೊಗಲುಗೊಂಬೆಯಾಟವನ್ನು ಒಮ್ಮೆಯೂ ನೋಡದ ನಮ್ಮ ಕಾಲೇಜಿನ ಹುಡುಗರು ಅವರ ವಿಡಿಯೊ ಹುಡುಕಿ ನೋಡಿದರು. ಆದರೆ ತೊಗಲುಗೊಂಬೆ ಇಡೀ ರಾತ್ರಿಯ ಆಟ. ಅರ್ಧ ನಿಮಿಷದ ತುಣುಕಿನಲ್ಲಿ ಗೊಂಬೆಯ ಬಣ್ಣ ಕಾಣುತ್ತದೆ, ಕಥೆ ಕಾಣುವುದಿಲ್ಲ. ನೋಡಿದ ಹುಡುಗರಲ್ಲಿ ಒಬ್ಬಿಬ್ಬರಾದರೂ ಆಟ ಆಡಿಸಿ ಎಂದು ತಂಡದವರನ್ನು ಊರಿಗೆ ಕರೆದರೆ ಆ ಕಲೆಗೆ ಅನ್ನ. ಇಲ್ಲದಿದ್ದರೆ ಲೈಕ್ ಅಷ್ಟೆ.

ಮೊಹರಂ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಈ ಭಾಗಕ್ಕೆಲ್ಲ ಹೆಸರುವಾಸಿ. ಅಲಾಯಿ ದೇವರು (ಮೊಹರಂನಲ್ಲಿ ಹೊರುವ ಪಂಜಾ) ಹಿಡಿಯುವವರು, ಹರಕೆ ಹೊರುವವರು, ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ತೋಡಿ ಹಬ್ಬ ಮಾಡುತ್ತಾರೆ. ಆ ಐದಾರು ದಿನ ನಮ್ಮ ಊರಿನ ಗುಂಪು ತುಂಬ ಅಲಾಯಿ ಕುಣಿತದ ವಿಡಿಯೊ. ಪುಣೆಯಲ್ಲಿ ಇರುವವರು ಅದನ್ನು ನೋಡಿ ರಜೆ ಹಾಕಿ ಬರುತ್ತಾರೆ. ಆದರೆ ಅದೇ ಫೋನಿಗೆ, ಅದೇ ವಾರ, ಎಲ್ಲಿಂದಲೋ ಹಿಂದೂ ಮುಸ್ಲಿಮರನ್ನು ಕಚ್ಚಾಡಿಸುವ ಮೆಸೇಜ್ ಬರುತ್ತದೆ. ಕಳಿಸಿದವನಿಗೆ ನಮ್ಮ ಊರು ಗೊತ್ತಿಲ್ಲ. ನಮ್ಮ ಊರಿನ ದೇವರು ಹೊರುವ ಮುಲ್ಲಾ ಮಾವ ಯಾರು, ಅವರಿಗೆ ಊದು ತಂದುಕೊಡುವ ಗೌಡರ ಮನೆ ಯಾವುದು, ಒಂದೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅಂಥದ್ದನ್ನು ಬರೆಯಲು ಆಗುತ್ತದೆ. ನಮ್ಮವರೇ ಅದನ್ನು ಮುಂದೆ ತಳ್ಳುತ್ತಾರಲ್ಲ, ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ತಳ್ಳಿದ್ದು ಎಲ್ಲಿಗೆ ಮುಟ್ಟುತ್ತದೆ ಎಂದು ನಮ್ಮ ಪಕ್ಕದಲ್ಲೇ ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂದು ತಿಳಿದು, ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಜನ ಹೊಡೆದರು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮೊದಲು ಸುದ್ದಿ ಮುಂದಿನ ಊರು ಮುಟ್ಟಿತ್ತು. ಒಬ್ಬರ ಜೀವ ಹೋಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಕಡಿವಾಣ ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಬಾಣದ ಗುರುತು ನೋಡಿದರೆ ಮೆಸೇಜ್ ಎಲ್ಲಿಂದಲೋ ಬಂದಿದೆ ಎಂದು ಗೊತ್ತಾಗುತ್ತದೆ. ಯಾರಿಂದ ಎಂದು ಗೊತ್ತಾಗುವುದಿಲ್ಲ.

ಮಸ್ಕಿಯವಳಾದ್ದರಿಂದ ನನಗೆ ಇಲ್ಲಿ ಒಂದು ಬಂಡೆ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅದು. ಅದೇ ಸಂದೇಶ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲೂ ಇದೆ. ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಿ ಎಂಬ ಮಾತು ಅದರಲ್ಲಿ ಬರುತ್ತದೆ. ಅಂದರೆ ಎಲ್ಲರಿಗೂ ಮುಟ್ಟಿಸಿ ಎಂದು ಬರೆಸಿದ್ದೇ. ಹೆಚ್ಚಿನ ಶಾಸನಗಳಲ್ಲಿ ಬಿರುದು ಮಾತ್ರ ಇದ್ದರೆ, ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು. ಹೇಳಿದವರು ಇವರು, ಏನಾದರೂ ಕೇಳುವುದಿದ್ದರೆ ಇವರನ್ನು ಕೇಳಿ ಎಂದು ಹೆಸರು ಹಾಕಿ ನಿಂತ ಮಾತಿಗೂ, ಹೆಸರಿಲ್ಲದೆ ಬಂದು ಬೀಳುವ ಮಾತಿಗೂ ಬಹಳ ದೂರ ಇದೆ.

ಹೆಸರಿರುವ ಮಾತಿನ ಬೆಲೆ ನಮಗೆ ತಿಳಿದದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಲಿಂಕ್ ಕಡಿದು ಗೇಟೇ ಕೊಚ್ಚಿಹೋಯಿತು. ಇರುವುದು 33 ಗೇಟು, ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರಿಗೆ ಅವತ್ತು ಹರಿದುಹೋಗುತ್ತಿದ್ದದ್ದು ಬರೀ ನೀರಲ್ಲ, ಹಿಂದೆಯೇ ನಾಟಿ ಮಾಡಿದ್ದ ಭತ್ತ. ಬೆಳಗಾಗುವಷ್ಟರಲ್ಲಿ ಡ್ಯಾಮ್ ಒಡೆಯಿತು ಎಂಬ ಮೆಸೇಜುಗಳು, ಬೇರೆ ಯಾವುದೋ ಅಣೆಕಟ್ಟಿನ ವಿಡಿಯೊಗಳು. ನದಿ ದಂಡೆಯ ಊರಿನ ನೆಂಟರು ಹೆದರಿ ಫೋನ್ ಮಾಡಿದರು.

ಅದನ್ನೆಲ್ಲ ತಣ್ಣಗೆ ಮಾಡಿದ್ದೂ ವಾಟ್ಸ್‌ಆ್ಯಪ್ ಗುಂಪೇ. ಕಾಲುವೆಯ ಕೊನೆ ಭಾಗದ ರೈತರ ಗುಂಪು ಅದು. ಯಾವ ಉಪಕಾಲುವೆಗೆ ನೀರು ಬಂತು, ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂದು ದಿನಾ ಹಾಕುವವರು. ಎಲ್ಲರಿಗೂ ಎಲ್ಲರ ಹೊಲ ಗೊತ್ತು. ಅಣೆಕಟ್ಟಿನ ಪಕ್ಕದ ಮುನಿರಾಬಾದಿನಲ್ಲಿ ಇದ್ದ ಒಬ್ಬರು ತಾವೇ ನೋಡಿ ಬಂದು ಮಾತಾಡಿ ಹಾಕಿದರು: ಗೇಟ್ ಒಂದೇ ಹೋಗಿರೋದು, ಕಟ್ಟೆಗೆ ಏನೂ ಆಗಿಲ್ಲ. ದನಿ ಗುರುತಿನದು, ಜನ ನಂಬಿದರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ತಡೆ) ಇಳಿಸುವ ಕೆಲಸ ನಡೆಯಿತು. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ಆ ಒಂದು ವಾರ ಗುಂಪಿನಲ್ಲಿ ಶುಭೋದಯದ ಹೂವಿನ ಚಿತ್ರ ಕೂಡ ಯಾರೂ ಹಾಕಲಿಲ್ಲ. ಹಾಕಿದರೆ ಬೈಸಿಕೊಳ್ಳುತ್ತಿದ್ದರು!

ಈಗ ಸಾವಿನ ಮನೆಯ ವಿಷಯ. ಹಿಂದೆ ಸುದ್ದಿ ಹೇಳಲು ಊರೂರಿಗೆ ಆಳು ಹೋಗಬೇಕಿತ್ತು. ಗುಳೆ ಹೋದವರಿಗೆ ಎಷ್ಟೋ ಸಲ ಮಣ್ಣು ಮುಗಿದ ಮೇಲೆ ಗೊತ್ತಾಗುತ್ತಿತ್ತು. ಈಗ ಮಧ್ಯಾಹ್ನ ಮೆಸೇಜ್ ನೋಡಿದವರು ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಬಂದು ಮಣ್ಣಿಗೆ ನಿಲ್ಲುತ್ತಾರೆ. ಆದರೆ ಪಕ್ಕದ ಓಣಿಯವರು "ಓಂ ಶಾಂತಿ" ಎಂದು ಹಾಕಿ ಮನೆಯಲ್ಲೇ ಉಳಿಯುವುದನ್ನೂ ನೋಡುತ್ತಿದ್ದೇನೆ. ದೂರದವರನ್ನು ಎಬ್ಬಿಸಿ ಕರೆತಂದ ಮೆಸೇಜೇ ಹತ್ತಿರದವರಿಗೆ ಹೋಗದಿರಲು ಒಂದು ದಾರಿ ಮಾಡಿಕೊಟ್ಟಿದೆ. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ಬೀಗರು ಬುತ್ತಿ ತರಬೇಕು. ಬುತ್ತಿ ಇನ್ನೂ ಬರುತ್ತದೆ, ಬೇಜಾರು ಮಾಡಿಕೊಳ್ಳುವಷ್ಟೇನೂ ಆಗಿಲ್ಲ. ತರುವ ಮನೆಗಳು ಮಾತ್ರ ಕಡಿಮೆ ಆಗಿವೆ.

ಲೈಕ್ ಅನ್ನುವುದು ಮುಯ್ಯಿಯ ಹಾಗೆ ಎಂದು ನನಗೆ ಅನ್ನಿಸಿದ್ದಿದೆ. ನೀನು ನನಗೆ ಮಾಡಿದರೆ ನಾನು ನಿನಗೆ. ನಮ್ಮ ಮದುವೆಗಳಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರ ಮುಯ್ಯಿ ಎಷ್ಟು ಎಂದು ಬರೆಯುತ್ತಾರೆ. ಆ ನೋಟ್‌ಬುಕ್ ನಮ್ಮ ಟ್ರಂಕಿನಲ್ಲಿ ಇರುತ್ತದೆ. ಅವರ ಮನೆಯ ಮದುವೆ ಬಂದಾಗ ಅವ್ವ ಅದನ್ನು ತೆಗೆದು ನೋಡುತ್ತಾಳೆ. ಆದರೆ ಲೈಕಿನ ನೋಟ್‌ಬುಕ್ ನಮ್ಮ ಮನೆಯಲ್ಲಿಲ್ಲ, ಅವರ ಮನೆಯಲ್ಲೂ ಇಲ್ಲ. ಕಂಪನಿಯ ಹತ್ತಿರ ಇದೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಲ್ಲಿ ಗೆಳತಿಯರು ಬರೆದಿದ್ದ ಮಾತುಗಳೂ ಹೋದವು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಕೂಲಿ ಮಾಡುತ್ತಲೇ ಅಲ್ಲಿ ಹೆಸರು ಮಾಡಿದ್ದ ಎಷ್ಟೋ ಹಳ್ಳಿ ಹುಡುಗ ಹುಡುಗಿಯರನ್ನು ನೋಡುವವರು ಒಂದೇ ಸಲಕ್ಕೆ ಇಲ್ಲವಾದರು. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ಆ ಸಂಬಂಧಗಳ ಲೆಕ್ಕ ಅವರ ಕೈಯಲ್ಲಿ ಇರಲಿಲ್ಲ, ನಾನು ಹೇಳುತ್ತಿರುವುದು ಅದು. ಅದಕ್ಕೇ ನನ್ನ ಕಾಲೇಜಿನ ಹುಡುಗಿಯರಿಗೆ ಹೇಳುತ್ತೇನೆ: ಬೇಕಾದವರ ನಂಬರ್ ಒಂದು ಹಾಳೆಯಲ್ಲಿ ಬರೆದಿಡಿ. ವರ್ಷಕ್ಕೊಮ್ಮೆಯಾದರೂ ಅವರ ಮನೆಗೆ ಹೋಗಿ ಬನ್ನಿ.

ಈ ಮಾತನ್ನೆಲ್ಲ ಒಪ್ಪದವನು ನಮ್ಮ ಚಿಗವ್ವನ (ಚಿಕ್ಕಮ್ಮನ) ಮಗ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಕೇಳುವ ಹಕ್ಕಿನ ಬಗ್ಗೆ ನಾನು ಹೇಳಿದ್ದಕ್ಕೆ ಅವನು ಅಂದ:

"ಅಕ್ಕಾ, ನನಗ ದಿನಾ ಎಲ್ಲಾರೂ ಕೇಳೋರಾ. ಮೇಸ್ತ್ರಿ ಕೇಳ್ತಾನ, ಸಾಲ ಕೊಟ್ಟಾವ ಕೇಳ್ತಾನ, ಅವ್ವ ಗುಳಿಗಿ ಕೇಳ್ತಾಳ, ಮಗಾ ಸೈಕಲ್ ಕೇಳ್ತಾನ. ರಾತ್ರಿ ಅರ್ಧ ತಾಸು ರೀಲ್ಸ್ ನೋಡ್ತೀನಿ. ಅದೊಂದಾ ನನ್ನ ಏನೂ ಕೇಳಂಗಿಲ್ಲ."

ಇದನ್ನು ತಳ್ಳಿಹಾಕುವುದು ಸರಿಯಲ್ಲ. ಅವನು ಇರುವುದು ತಗಡಿನ ಶೆಡ್ಡು. ಬಟ್ಟೆ ಒಣಹಾಕಲು ಜಾಗ ಇಲ್ಲ, ನಾಲ್ಕು ಜನ ಕೂತು ಮಾತಾಡಲು ಜಾಗ ಎಲ್ಲಿಂದ ಬರಬೇಕು? ಊರಲ್ಲಿದ್ದಾಗ ಅವನು ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದ. ರೀಲ್ಸ್ ಅವನ ತಾಳವನ್ನು ಕಸಿದುಕೊಂಡಿಲ್ಲ. ಅವನನ್ನು ಊರಿನಿಂದ ಎಬ್ಬಿಸಿದ ಒಣ ಹೊಲ ಕಸಿದುಕೊಂಡಿತು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಕಡೆಯ ರೈತರು ನಾರಾಯಣಪುರ ಬಲದಂಡೆ ಕಾಲುವೆಯ 5ಎ ಶಾಖೆಗಾಗಿ 2020ರಿಂದ ಧರಣಿ ಕೂತಿದ್ದರು. ಚಿಗಪ್ಪನೂ ಅಲ್ಲಿ ಹೋಗಿ ಕೂತಿದ್ದ, ನಾವೂ ರೊಟ್ಟಿ ಕಟ್ಟಿ ಕಳಿಸಿದ್ದೆವು. ಆ ನೀರು ಬಂದರೆ ಮುಂದಿನ ಗುಳೆ ತಪ್ಪುತ್ತದೆ ಎಂದು ಚಿಗವ್ವನ ಮಗ ಇವತ್ತಿಗೂ ಲೆಕ್ಕ ಹಾಕುತ್ತಾನೆ. ಕಾಲುವೆಯ ಸುದ್ದಿಗೆಂದು ಮಾಡಿಕೊಂಡ ಗುಂಪಿನಲ್ಲಿ ಅವನೂ ಇದ್ದಾನೆ. ರಾತ್ರಿ ಫೋನ್ ತೆಗೆದರೆ ಮೊದಲು ಅಲ್ಲಿ ಏನಾದರೂ ಬಂದಿದೆಯಾ ನೋಡುತ್ತಾನಂತೆ, ರೀಲ್ಸ್ ಆಮೇಲೆ.